ಹಣ, ಸ್ವಭಾವ ಮತ್ತು ಮನೆಯ ಸಂಸ್ಕಾರ

(ಕೃಷಿಕ ದಂಪತಿಗಳ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಒಂದೇ ಊರು, ಒಂದೇ ಮಣ್ಣು, ಒಂದೇ ಮಳೆ. ಅಕ್ಕಪಕ್ಕದ ಎರಡು ಹೊಲಗಳು. ಇಬ್ಬರೂ ಒಂದೇ ತಳಿಯ ರಾಗಿ ಬಿತ್ತುತ್ತಾರೆ, ಒಂದೇ ಮಾರುಕಟ್ಟೆಗೆ ಒಯ್ಯುತ್ತಾರೆ, ಹೆಚ್ಚುಕಡಿಮೆ ಒಂದೇ ಬೆಲೆ ಪಡೆಯುತ್ತಾರೆ. ಹತ್ತು ವರ್ಷ ಕಳೆದ ಮೇಲೆ ನೋಡಿದರೆ ಒಂದು ಮನೆ ಸಾಲದಿಂದ ಹೊರಬಂದಿರುತ್ತದೆ. ಇನ್ನೊಂದು ಮನೆಯ ಪಹಣಿಯಲ್ಲಿ ಸಾಲದ ನಮೂದು ಹಾಗೆಯೇ ಉಳಿದಿರುತ್ತದೆ. ಕಾಯಿಲೆ, ಕೊಳವೆ ಬಾವಿ ಬತ್ತಿದ್ದು, ಮದುವೆಗೆ ಬಂದ ಹೆಣ್ಣುಮಕ್ಕಳು, ಹೀಗೆ ಹಲವು ಕಾರಣಗಳಿರಬಹುದು. ಅವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಒಂದಿಷ್ಟು ವ್ಯತ್ಯಾಸ ಉಳಿಯುತ್ತದೆ. ಅದನ್ನು ನಮ್ಮ ಜನ ಹಣೆಬರಹ ಎನ್ನುತ್ತಾರೆ, ಇಲ್ಲವೆ ‘ಅವರ ಕೈಗುಣ’ ಎಂದು ಹೇಳಿ ಸುಮ್ಮನಾಗುತ್ತಾರೆ.

ನಾವು ಮಣ್ಣಿನ ಪರೀಕ್ಷೆ ಮಾಡಿಸುತ್ತೇವೆ, ಬೀಜದ ಮೊಳಕೆ ಪರೀಕ್ಷೆ ಮಾಡುತ್ತೇವೆ. ಬೆಳೆ ಮಾರಿದ ಹಣ ಬಂದು ಸೇರುವ ಆ ಕೈಯನ್ನು ಮಾತ್ರ ಯಾರೂ ಪರೀಕ್ಷಿಸುವುದಿಲ್ಲ. ಕೈಗುಣ ಎಂಬುದು ಎಲ್ಲಿಂದ ಬರುತ್ತದೆ, ಅದರಲ್ಲಿ ಹುಟ್ಟುಸ್ವಭಾವ ಎಷ್ಟು, ಬೆಳೆದ ಮನೆಯ ಪಾಠ ಎಷ್ಟು, ಅದನ್ನು ತಿದ್ದಿಕೊಳ್ಳಲು ಸಾಧ್ಯವೆ, ಇವೇ ಇಂದಿನ ನನ್ನ ಮಾತಿನ ವಿಷಯ.

ಹಣದ ವಿಷಯದಲ್ಲಿ ನಾಲ್ಕು ಬಗೆಯ ಜನ

ಊರಿನ ಜನರನ್ನು ಗಮನಿಸಿ ನೋಡಿದರೆ ಹಣದ ಬಗ್ಗೆ ಸ್ಥೂಲವಾಗಿ ನಾಲ್ಕು ಬಗೆಯ ಮನೋಭಾವ ಕಾಣುತ್ತದೆ. ಯಾರೂ ಪೂರ್ತಿಯಾಗಿ ಒಂದೇ ಬಗೆಯವರಲ್ಲ. ಆದರೂ ಒಂದು ಬಗೆ ಮುಂದಾಗಿರುತ್ತದೆ.

ಮೊದಲನೆಯವರು ಬಿಗಿಗೈಯವರು. ಬಂದದ್ದನ್ನು ಬಿಡುವುದಿಲ್ಲ. ಇವರ ಮನೆಯಲ್ಲಿ ಸಾಲ ಕಡಿಮೆ. ಇದು ದೊಡ್ಡ ಗುಣ. ಆದರೆ ಬೀಜೋಪಚಾರಕ್ಕೆ, ಬೆಳೆ ವಿಮೆಯ ಕಂತಿಗೆ, ದನದ ಲಸಿಕೆಗೆ ಸಹ ಇವರ ಕೈ ಮುಂದೆ ಬರುವುದಿಲ್ಲ. ಹತ್ತು ರೂಪಾಯಿ ಉಳಿಸಲು ಹೋಗಿ ನೂರು ರೂಪಾಯಿ ಕಳೆದುಕೊಳ್ಳುವುದುಂಟು. ಕೆಲವರು ಹಣವನ್ನು ಟ್ರಂಕಿನಲ್ಲೇ ಇಡುತ್ತಾರೆ. 2016ರ ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿಗಳ ಹಳೆಯ ನೋಟುಗಳು ರದ್ದಾದಾಗ, ಗಂಡನಿಗೂ ತಿಳಿಯದಂತೆ ಅಕ್ಕಿ ಡಬ್ಬಿಯಲ್ಲಿ ಕೂಡಿಟ್ಟಿದ್ದ ನಮ್ಮ ಹೆಣ್ಣುಮಕ್ಕಳು ಪಟ್ಟ ಪಾಡನ್ನು ನೀವೆಲ್ಲ ಕಂಡಿದ್ದೀರಿ.

ಎರಡನೆಯವರು ಧಾರಾಳಿಗಳು. ಕೈಯಲ್ಲಿ ಇದ್ದಾಗ ಕೇಳಿದವರಿಗೆ ಇಲ್ಲ ಎನ್ನುವುದಿಲ್ಲ. ಊರಿಗೆ ಇಂಥವರು ಬೇಕು. ಕಷ್ಟಕ್ಕೆ ಮೊದಲು ಓಡಿಬರುವವರು ಇವರೇ. ಆದರೆ ಸುಗ್ಗಿಯ ಹಣ ಯುಗಾದಿಗೆ ಮುಂಚೆಯೇ ಮುಗಿದುಹೋಗುತ್ತದೆ. ಬಿತ್ತನೆಯ ಹೊತ್ತಿಗೆ ಬೀಜಕ್ಕೂ ಕೈಗಡ ಕೇಳಬೇಕಾಗುತ್ತದೆ.

ಮೂರನೆಯವರು ಮರ್ಯಾದೆಗೆ ಅಂಜುವವರು. ಇವರ ಖರ್ಚು ಇವರ ಅಗತ್ಯಕ್ಕಲ್ಲ, ನೋಡುವವರ ಕಣ್ಣಿಗೆ. ಅಣ್ಣನ ಮನೆಯ ಮದುವೆಗೆ ಎರಡು ಸಾವಿರ ಎಲೆ ಬಿದ್ದರೆ ತಮ್ಮನ ಮನೆಯದಕ್ಕೆ ಮೂರು ಸಾವಿರ ಬೀಳಬೇಕು. ಎರಡು ಕೊಳವೆ ಬಾವಿ ವಿಫಲವಾದ ಮೇಲೆ, ‘ಹಾಕಿದ ದುಡ್ಡು ಹೋಯಿತಲ್ಲ, ಎಬ್ಬಿಸಲೇಬೇಕು’ ಎಂದು ಸಾಲ ತಂದು ಮೂರನೆಯದನ್ನು ಕೊರೆಸುವವರಲ್ಲಿಯೂ ಈ ಮರ್ಯಾದೆಯ ಪ್ರಶ್ನೆ ಇರುತ್ತದೆ. ಹೋದ ಹಣ ಹೋಯಿತು. ಮೂರನೆಯ ಬಾವಿಯಲ್ಲಿ ನೀರು ಬರುವುದು ಬಿಡುವುದು ಭೂಮಿಯ ಒಳಗಿನ ಕಲ್ಲು ಮತ್ತು ನೀರಿನ ಮಟ್ಟವನ್ನು ಅವಲಂಬಿಸಿದೆ. ನಾವು ಮೊದಲು ಕಳೆದುಕೊಂಡ ಮೊತ್ತದ ಲೆಕ್ಕ ಭೂಮಿಗೆ ಗೊತ್ತಿಲ್ಲ.

ನಾಲ್ಕನೆಯವರು ಲೆಕ್ಕಕ್ಕೆ ಹೆದರುವವರು. ಬ್ಯಾಂಕಿನಿಂದ ಬಂದ ಕಾಗದವನ್ನು ಒಡೆಯದೆ ಗೋಡೆಯ ಗೂಡಿನಲ್ಲಿ ಇಡುವವರು. ಅಂಗಡಿಯ ಉದ್ರಿ ಎಷ್ಟಾಯಿತು ಎಂದು ಕೇಳಲು ಹಿಂಜರಿಯುವವರು. ಇವರು ಸೋಮಾರಿಗಳಲ್ಲ, ಅಪ್ರಾಮಾಣಿಕರೂ ಅಲ್ಲ. ಅಂಕಿ ನೋಡಿದರೆ ಎದೆ ಬಡಿತ ಏರುತ್ತದೆ, ಅದಕ್ಕೆ ನೋಡುವುದಿಲ್ಲ, ಅಷ್ಟೆ. ಈ ನಾಲ್ಕು ಬಗೆಗಳಲ್ಲಿ ಅತ್ಯಂತ ಅಪಾಯಕಾರಿಯಾದುದು ಇದೇ. ಏಕೆಂದರೆ ನೋಡದೆ ಬಿಟ್ಟ ಸಾಲ ಹಗಲೂ ರಾತ್ರಿ ಬೆಳೆಯುತ್ತದೆ.

ಗುಣ ಬೆಳೆಯುವುದು ಮನೆಯಲ್ಲಿ

ಒಬ್ಬನು ಸ್ವಭಾವತಃ ಆತುರದವನು, ಇನ್ನೊಬ್ಬ ಸಮಾಧಾನಿ, ಇದು ಹುಟ್ಟಿನಿಂದ ಬರಬಹುದು. ಆದರೆ ಆ ಸ್ವಭಾವ ಹಣದ ವಿಷಯದಲ್ಲಿ ಯಾವ ರೂಪ ತಾಳುತ್ತದೆ ಎಂಬುದನ್ನು ಬಹುಮಟ್ಟಿಗೆ ಬೆಳೆದ ಮನೆ ನಿರ್ಧರಿಸುತ್ತದೆ. ಇದಕ್ಕೆ ಸಂಬಂಧಿಸಿದ ಒಂದು ಪ್ರಯೋಗವನ್ನು ನಿಮ್ಮ ಮುಂದೆ ಇಡುತ್ತೇನೆ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಶಿಶುವಿಹಾರದಲ್ಲಿ ವಾಲ್ಟರ್ ಮಿಶೆಲ್ ಎಂಬ ಮನೋವಿಜ್ಞಾನಿ 1960ರ ದಶಕದ ಕೊನೆಯಲ್ಲಿ ಮತ್ತು 1970ರ ಸುಮಾರಿಗೆ ಚಿಕ್ಕ ಮಕ್ಕಳ ಮೇಲೆ ಪ್ರಯೋಗಗಳನ್ನು ನಡೆಸಿದರು. ಮಗುವಿನ ಮುಂದೆ ತಿನಿಸು ಇಟ್ಟು, ‘ಈಗಲೇ ಬೇಕಾದರೆ ಒಂದು ತಿನ್ನು, ನಾನು ಹಿಂತಿರುಗುವವರೆಗೆ ಕಾದರೆ ಎರಡು ಕೊಡುತ್ತೇನೆ’ ಎಂದು ಹೇಳಿ ಹೊರಗೆ ಹೋಗುವುದು. ಕಾದ ಮಕ್ಕಳು ಮುಂದೆ ಓದಿನಲ್ಲೂ ಚೆನ್ನಾಗಿ ನಡೆದರು ಎಂಬ ವರದಿ ಬಂದುದರಿಂದ ಈ ಪ್ರಯೋಗ ಬಹಳ ಹೆಸರಾಯಿತು. ತಾಳ್ಮೆ ಹುಟ್ಟುಗುಣ, ಇದ್ದವರು ಗೆಲ್ಲುತ್ತಾರೆ ಎಂದು ಜನ ತಿಳಿದರು.

ಆದರೆ 2013ರಲ್ಲಿ ರೋಚೆಸ್ಟರ್ ವಿಶ್ವವಿದ್ಯಾನಿಲಯದವರು ಇದೇ ಪ್ರಯೋಗವನ್ನು ಸ್ವಲ್ಪ ಬದಲಿಸಿ 28 ಮಕ್ಕಳ ಮೇಲೆ ಮಾಡಿದರು. ತಿನಿಸು ಇಡುವುದಕ್ಕೆ ಮುಂಚೆ, ಚಿತ್ರ ಬರೆಯಲು ಒಳ್ಳೆಯ ಬಣ್ಣದ ಕಡ್ಡಿಗಳನ್ನು ತಂದುಕೊಡುತ್ತೇವೆಂದು ಎಲ್ಲ ಮಕ್ಕಳಿಗೂ ಮಾತು ಕೊಟ್ಟರು. ಅರ್ಧದಷ್ಟು ಮಕ್ಕಳಿಗೆ ಮಾತಿನಂತೆ ತಂದುಕೊಟ್ಟರು. ಉಳಿದ ಅರ್ಧಕ್ಕೆ ‘ಇಲ್ಲ, ಮುಗಿದುಹೋಗಿದೆ’ ಎಂದು ಹೇಳಿದರು. ಆಮೇಲೆ ತಿನಿಸಿನ ಪ್ರಯೋಗ. ಮಾತು ಉಳಿಸಿಕೊಂಡವರ ಎದುರಿಗಿದ್ದ ಮಕ್ಕಳು ಸರಾಸರಿ ಸುಮಾರು 12 ನಿಮಿಷ ಕಾದರು. ಮಾತು ತಪ್ಪಿದವರ ಎದುರಿಗಿದ್ದ ಮಕ್ಕಳು ಕಾದದ್ದು ಸುಮಾರು 3 ನಿಮಿಷ ಮಾತ್ರ. 2018ರಲ್ಲಿ 900ಕ್ಕೂ ಹೆಚ್ಚು ಮಕ್ಕಳ ಮಾಹಿತಿಯನ್ನು ಪರಿಶೀಲಿಸಿದ ಇನ್ನೊಂದು ಅಧ್ಯಯನದಲ್ಲಿ, ಕಾಯುವ ಗುಣಕ್ಕೂ ಮುಂದಿನ ಓದಿಗೂ ಇರುವ ಸಂಬಂಧ ಮೊದಲು ತಿಳಿದದ್ದಕ್ಕಿಂತ ಬಹಳ ಕಡಿಮೆ, ಮನೆಯ ಪರಿಸ್ಥಿತಿಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಅದು ಇನ್ನೂ ಇಳಿಯುತ್ತದೆ ಎಂದು ಕಂಡುಬಂದಿತು.

ಇದನ್ನು ನಮ್ಮ ಮನೆಗೆ ಹೊಂದಿಸಿ ನೋಡೋಣ. ‘ಜಾತ್ರೆಯ ದಿನ ಕೊಡಿಸುತ್ತೇನೆ, ಈಗ ಹಟ ಮಾಡಬೇಡ’ ಎನ್ನುತ್ತೇವೆ. ಜಾತ್ರೆ ಬಂದಾಗ ‘ಮುಂದಿನ ವರ್ಷ ನೋಡೋಣ’ ಎನ್ನುತ್ತೇವೆ. ಸೋದರಮಾವ ಮಗುವಿನ ಕೈಗೆ ನೂರು ರೂಪಾಯಿ ಇಟ್ಟು ಹೋಗುತ್ತಾನೆ. ‘ಕೊಡು, ಇಟ್ಟಿರುತ್ತೇನೆ’ ಎಂದು ತೆಗೆದುಕೊಂಡು ಅದನ್ನು ಮನೆಖರ್ಚಿಗೆ ಬಳಸಿ ಮರೆತುಬಿಡುತ್ತೇವೆ. ದೊಡ್ಡವರಿಗೆ ಇದು ಸಣ್ಣ ವಿಷಯ. ಮಗು ಕಲಿಯುವ ಪಾಠ ಮಾತ್ರ ದೊಡ್ಡದು: ಕೈಗೆ ಬಂದದ್ದನ್ನು ಅಂದೇ ತಿನ್ನಬೇಕು, ಇಟ್ಟರೆ ಹೋಗುತ್ತದೆ. ಇಪ್ಪತ್ತು ವರ್ಷದ ನಂತರ ಅದೇ ಮಗ ಬೆಳೆಯ ಹಣವನ್ನು ವಾರದಲ್ಲಿ ಖರ್ಚು ಮಾಡಿದಾಗ ‘ಇವನಿಗೆ ಯಾರು ಕಲಿಸಿದರು?’ ಎಂದು ಕೇಳುತ್ತೇವೆ.

ಒಂದು ಜಗಳದ ಒಳಗೆ ಎರಡು ತೌರುಗಳು

ಇಂದು ಇಲ್ಲಿ ದಂಪತಿಗಳು ಕುಳಿತಿರುವುದರಿಂದ ಇನ್ನೊಂದು ಮಾತು ಹೇಳಬೇಕು. ಎಲ್ಲ ಊರುಗಳಲ್ಲೂ ಕಾಣುವಂಥ ಒಂದು ಜೋಡಿಯನ್ನು ನೆನೆಸಿಕೊಳ್ಳಿ. ಗಂಡ ಧಾರಾಳಿ. ಹೆಂಡತಿ ಬಿಗಿಗೈ. ಶೇಂಗಾ ಮಾರಿ ಬಂದ ದಿನ ಅವನು ಅಕ್ಕನ ಮಗಳ ಮದುವೆಗೆ ಮುಯ್ಯಿ ಎಂದು ಹತ್ತು ಸಾವಿರ ತೆಗೆಯುತ್ತಾನೆ. ಅವಳು ‘ಎರಡು ಸಾವಿರ ಸಾಕು’ ಎನ್ನುತ್ತಾಳೆ. ಅವನಿಗೆ ಅವಳು ಜಿಪುಣಿ. ಅವಳಿಗೆ ಅವನು ಮನೆ ಮುಳುಗಿಸುವವನು. ಹೀಗೆ ವರ್ಷವಿಡೀ ಜಗಳ.

ಸ್ವಲ್ಪ ಹಿಂದಕ್ಕೆ ಹೋಗಿ ನೋಡಿದರೆ, ಅವನು ಬೆಳೆದದ್ದು ತುಂಬು ಕುಟುಂಬದಲ್ಲಿ. ಬಂದವರಿಗೆ ಊಟ ಹಾಕದೆ ಕಳಿಸಿದ ದಿನವಿಲ್ಲ. ಬರಗಾಲದ ವರ್ಷ ಅವರ ಮನೆಗೆ ಜೋಳ ತಂದುಕೊಟ್ಟವರೂ ಆ ನೆಂಟರೇ. ಅವನ ಪಾಲಿಗೆ ಕೊಟ್ಟದ್ದೇ ಕೂಡಿಟ್ಟದ್ದು. ಅವಳು ಬೆಳೆದ ಮನೆಯಲ್ಲಿ ತಂದೆ ಮಾಡಿದ್ದ ಸಾಲ ಯಾರಿಗೂ ಗೊತ್ತಿರಲಿಲ್ಲ. ಒಂದು ಬೆಳಿಗ್ಗೆ ಸಾಲಗಾರ ಬಂದು ಕರೆಯುವ ಎಮ್ಮೆಯನ್ನು ಕೊಟ್ಟಿಗೆಯಿಂದ ಬಿಚ್ಚಿಕೊಂಡು ಹೋದಾಗಲೇ ಮನೆಯವರಿಗೆ ತಿಳಿದದ್ದು. ಅವಳ ಪಾಲಿಗೆ ಕೈಬಿಟ್ಟ ಹಣವೆಂದರೆ ಬರಿದಾದ ಕೊಟ್ಟಿಗೆ.

ಇಬ್ಬರೂ ತಮ್ಮ ತಮ್ಮ ಮನೆಯಲ್ಲಿ ಕಲಿತದ್ದು ಸರಿಯಾದ ಪಾಠವೇ. ನೆಂಟರನ್ನು ಉಳಿಸಿಕೊಳ್ಳುವುದೂ ಒಂದು ವಿಮೆ, ಹಣ ಉಳಿಸುವುದೂ ಒಂದು ವಿಮೆ. ಇದನ್ನು ಅರಿತ ದಿನ ‘ನೀನು ಹೀಗೆ, ನೀನು ಹಾಗೆ’ ಎಂಬ ದೂರು ನಿಂತು, ‘ಮುಯ್ಯಿಗೆ ವರ್ಷಕ್ಕೆ ಒಟ್ಟು ಎಷ್ಟು ಇಡೋಣ?’ ಎಂಬ ಪ್ರಶ್ನೆ ಹುಟ್ಟುತ್ತದೆ. ದೂರಿಗೆ ಉತ್ತರವಿಲ್ಲ. ಈ ಪ್ರಶ್ನೆಗೆ ಉತ್ತರವಿದೆ.

ಎಲ್ಲವನ್ನೂ ಸ್ವಭಾವದ ಮೇಲೆ ಹಾಕಬಾರದು

ಹಣಕ್ಕೆ ತೊಂದರೆಯಾದವರನ್ನು ಕಂಡರೆ ‘ಅವನ ಬುದ್ಧಿಯೇ ಅಷ್ಟು’ ಎನ್ನುವುದು ಸುಲಭ. ಇದು ತಪ್ಪು ಎಂಬುದಕ್ಕೆ ನಮ್ಮ ನೆರೆಯ ತಮಿಳುನಾಡಿನಲ್ಲಿಯೇ ಆಧಾರವಿದೆ. ವಿಲ್ಲುಪುರಂ ಮತ್ತು ತಿರುವಣ್ಣಾಮಲೈ ಭಾಗದ 54 ಹಳ್ಳಿಗಳಲ್ಲಿ 464 ಕಬ್ಬು ಬೆಳೆಗಾರರನ್ನು ಕಟಾವಿಗೆ ಮುಂಚೆ ಒಮ್ಮೆ, ಕಟಾವಿನ ಹಣ ಬಂದ ಮೇಲೆ ಒಮ್ಮೆ ಪರೀಕ್ಷಿಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಕಟಾವಿಗೆ ಮುಂಚೆ ಒತ್ತೆ, ಸಾಲ, ಚಿಂತೆ ಹೆಚ್ಚು. ಆಗ ಬುದ್ಧಿಯ ಪರೀಕ್ಷೆಗಳಲ್ಲಿ ಅವರು ಹೆಚ್ಚು ತಪ್ಪು ಮಾಡಿದರು, ನಿಧಾನವಾದರು. ಹಣ ಬಂದ ಮೇಲೆ ಅದೇ ರೈತರು ಉತ್ತಮವಾಗಿ ಉತ್ತರಿಸಿದರು. ಮನುಷ್ಯ ಅವನೇ, ಸ್ವಭಾವವೂ ಅದೇ. ಬದಲಾದದ್ದು ಕೈಯಲ್ಲಿದ್ದ ಹಣ ಮತ್ತು ತಲೆಯ ಮೇಲಿದ್ದ ಭಾರ.

ತಿಂಗಳ ಸಂಬಳ ಪಡೆಯುವವನಿಗೆ ತಪ್ಪು ಮಾಡಿದರೂ ಮೂವತ್ತು ದಿನದಲ್ಲಿ ತಿದ್ದಿಕೊಳ್ಳುವ ಅವಕಾಶವಿದೆ. ವರ್ಷಕ್ಕೆ ಒಂದೇ ಬೆಳೆ ತೆಗೆಯುವ ಬೆದ್ದಲು ರೈತನಿಗೆ ಆ ಅವಕಾಶ ವರ್ಷಕ್ಕೊಮ್ಮೆ. ಹಾಲು ಹಾಕುವ, ರೇಷ್ಮೆ ಗೂಡು ಬೆಳೆಯುವ ಮನೆಗಳಿಗೆ ಹಣ ಆಗಾಗ್ಗೆ ಬರುವುದರಿಂದ ಲೆಕ್ಕ ಇಡುವುದು ಹೆಚ್ಚು ಸುಲಭ. ಆದುದರಿಂದ ದೊಡ್ಡ ತೀರ್ಮಾನಗಳನ್ನು, ಅಂದರೆ ಭೂಮಿ ಮಾರುವುದು, ಬಾವಿ ಕೊರೆಸುವುದು, ಟ್ರಾಕ್ಟರ್ ಸಾಲ ಮಾಡುವುದು, ಇಂಥವನ್ನು ಕೈ ಬರಿದಾದ ತಿಂಗಳುಗಳಲ್ಲಿ ಒಬ್ಬರೇ ಕುಳಿತು ಮಾಡಬಾರದು.

ವ್ಯವಸ್ಥೆ ಸ್ವಭಾವಕ್ಕೆ ಊರುಗೋಲು

ಸ್ವಭಾವವನ್ನು ಒಂದೇ ದಿನದಲ್ಲಿ ಬದಲಿಸಲು ಆಗದು. ಆದರೆ ಸ್ವಭಾವದ ಕೊರತೆಯನ್ನು ತುಂಬುವ ವ್ಯವಸ್ಥೆ ಮಾಡಿಕೊಳ್ಳಬಹುದು. ನಮ್ಮ ನಾಡಿನ ಹಿರಿಯರು ಇದನ್ನು ಚೆನ್ನಾಗಿ ತಿಳಿದಿದ್ದರು.

1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಪತ್ತಿನ ಸಹಕಾರ ಸಂಘ ಹುಟ್ಟಿತು. ಸಾಲ ಬೇಕಾದಾಗ ರೈತ ಒಬ್ಬಂಟಿಯಾಗಿ ಸಾಹುಕಾರನ ಮುಂದೆ ನಿಲ್ಲಬೇಕಾಗಿಲ್ಲ, ನೆರೆಹೊರೆಯವರು ಒಬ್ಬರಿಗೊಬ್ಬರು ಆಗಬೇಕು ಎಂಬುದು ಅದರ ತಿರುಳು. 1928ರಲ್ಲಿ ಉಡುಪಿಯಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆಯವರು ಪಿಗ್ಮಿ ಠೇವಣಿ ಆರಂಭಿಸಿದರು. ದಿನಕ್ಕೆ ಎರಡಾಣೆಯಷ್ಟು ಚಿಕ್ಕ ಮೊತ್ತವನ್ನೂ ಮನೆಬಾಗಿಲಿಗೆ ಬಂದು ಪಡೆಯುತ್ತಿದ್ದರು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಆದರೆ ಆ ಯೋಜನೆ ಕಲಿಸಿದ ಪಾಠ ಉಳಿದಿದೆ: ಉಳಿಸುವ ಮನಸ್ಸು ಬರಲಿ ಎಂದು ಕಾಯಬಾರದು, ಖರ್ಚಾಗುವುದಕ್ಕೆ ಮುಂಚೆ ಹಣ ಮನೆ ಬಿಟ್ಟು ಹೋಗಬೇಕು. ಹನಿಹನಿ ಕೂಡಿದರೆ ಹಳ್ಳ ಎಂಬ ಗಾದೆ ಎಲ್ಲರಿಗೂ ಗೊತ್ತು. ಹನಿ ಆವಿಯಾಗುವುದಕ್ಕೆ ಮುಂಚೆ ಪಾತ್ರೆ ಹಿಡಿಯುವವರು ಬೇಕು. 1992ರಲ್ಲಿ ನಬಾರ್ಡ್ 500 ಸ್ವಸಹಾಯ ಸಂಘಗಳನ್ನು ಬ್ಯಾಂಕುಗಳೊಡನೆ ಜೋಡಿಸುವ ಪ್ರಾಯೋಗಿಕ ಯೋಜನೆ ತಂದಿತು. 2000-01ರಲ್ಲಿ ನಮ್ಮ ರಾಜ್ಯದಲ್ಲಿ ಸ್ತ್ರೀಶಕ್ತಿ ಯೋಜನೆ ಬಂದಿತು. ವಾರವಾರವೂ ಹತ್ತು ಜನರ ಎದುರು ಹಣ ಕಟ್ಟುವ ಆ ಪದ್ಧತಿ ಎಷ್ಟೋ ಹೆಣ್ಣುಮಕ್ಕಳಿಗೆ ಮೊದಲ ಲೆಕ್ಕದ ಪಾಠವಾಯಿತು.

ಮನೆಯಲ್ಲಿ ಮಾಡಬೇಕಾದ ಐದು ಕೆಲಸಗಳು

1. ಹಣ ಬರುವುದಕ್ಕೆ ಮುಂಚೆ ಪಾಲು ಮಾಡಿ. ಹಣ ಬಂದ ದಿನ ಎಲ್ಲರೂ ಸಿರಿವಂತರು. ಆದುದರಿಂದ ಕಟಾವಿಗೆ ಹದಿನೈದು ದಿನ ಮುಂಚೆ ಮನೆಯವರೆಲ್ಲ ಕುಳಿತು ತೀರ್ಮಾನಿಸಬೇಕು. ಉದಾಹರಣೆಗೆ ಒಂದು ಮನೆಗೆ ಸುಗ್ಗಿಯಲ್ಲಿ 2,40,000 ರೂ. ಬರುತ್ತದೆ ಎಂದುಕೊಳ್ಳೋಣ. ತೀರಿಸಬೇಕಾದ ಬೆಳೆಸಾಲ 80,000 ರೂ. ಮುಂದಿನ ಹಂಗಾಮಿನ ಬೀಜ, ಗೊಬ್ಬರ, ಕೂಲಿಗೆ 60,000 ರೂ. ಉಳಿಯುವುದು 1,00,000 ರೂ. ಮಾತ್ರ. ಅದರಲ್ಲಿ ತಿಂಗಳಿಗೆ 6,000 ರೂ.ನಂತೆ ವರ್ಷದ ಮನೆಖರ್ಚು 72,000 ರೂ. ಹಬ್ಬ, ಮುಯ್ಯಿ, ಮಕ್ಕಳ ಓದಿಗೆ 16,000 ರೂ. ಆಸ್ಪತ್ರೆ ಮತ್ತು ಆಪತ್ತಿಗೆಂದು ಮುಟ್ಟದೆ ಇಡಬೇಕಾದದ್ದು 12,000 ರೂ. ಈ ಚೀಟಿ ಮೊದಲೇ ಬರೆದಿದ್ದರೆ ಧಾರಾಳಿಯ ಕೈಗೆ ಕಡಿವಾಣ ಬೀಳುತ್ತದೆ, ಬಿಗಿಗೈಯವರಿಗೂ ಬೀಜ ಗೊಬ್ಬರಕ್ಕೆ ಖರ್ಚು ಮಾಡಲು ಧೈರ್ಯ ಬರುತ್ತದೆ.

2. ಬಡ್ಡಿಯನ್ನು ವರ್ಷದ ಲೆಕ್ಕಕ್ಕೆ ತನ್ನಿ. ‘ಮೂರು ರೂಪಾಯಿ ಬಡ್ಡಿ’ ಎಂದರೆ ಬಾಯಿಗೆ ಹಗುರ. ಅದು ನೂರಕ್ಕೆ ತಿಂಗಳಿಗೆ ಮೂರು, ಅಂದರೆ ವರ್ಷಕ್ಕೆ ಶೇಕಡ 36. 50,000 ರೂ.ಗೆ ವರ್ಷದ ಬಡ್ಡಿ 18,000 ರೂ. ನಿಗದಿತ ಮಿತಿಯೊಳಗಿನ ಕಿಸಾನ್ ಕ್ರೆಡಿಟ್ ಕಾರ್ಡಿನ ಬೆಳೆಸಾಲಕ್ಕೆ ಬಡ್ಡಿ ಶೇಕಡ 7, ಸಕಾಲಕ್ಕೆ ತೀರಿಸಿದರೆ ಶೇಕಡ 4. ಅಂದರೆ ಅದೇ ಮೊತ್ತಕ್ಕೆ 2,000 ರೂ. ಸಹಕಾರ ಸಂಘಗಳ ಮೂಲಕ ಸಿಗುವ ಶೂನ್ಯ ಬಡ್ಡಿಯ ಬೆಳೆಸಾಲದ ಮಿತಿಯನ್ನು ನಮ್ಮ ರಾಜ್ಯದಲ್ಲಿ 2023ರಲ್ಲಿ 3 ಲಕ್ಷದಿಂದ 5 ಲಕ್ಷ ರೂ.ಗೆ ಏರಿಸಲಾಯಿತು. ಅಲ್ಲಿಯೂ ಸಕಾಲಕ್ಕೆ ತೀರಿಸುವುದೇ ಮುಖ್ಯ ಷರತ್ತು. ಕಾಗದಪತ್ರದ ಅಲೆದಾಟಕ್ಕೆ ಬೇಸತ್ತು ಕೈಸಾಲಕ್ಕೆ ಹೋಗುವವರು, ಆ ಅಲೆದಾಟ ಉಳಿಸಿಕೊಡುವ 16,000 ರೂ.ಗಳನ್ನು ನೆನೆಯಬೇಕು.

3. ಒಂದೇ ಪುಸ್ತಕ, ನಾಲ್ಕು ಪುಟ. ಬಂದದ್ದು ಒಂದು ಪುಟ, ಹೋದದ್ದು ಒಂದು ಪುಟ, ಕೊಡಬೇಕಾದದ್ದು ಒಂದು ಪುಟ, ಬರಬೇಕಾದದ್ದು ಒಂದು ಪುಟ. ಗೊಬ್ಬರದಂಗಡಿಯ ಉದ್ರಿಯೂ ಸಾಲವೇ, ಮಂಡಿಯ ಮುಂಗಡವೂ ಸಾಲವೇ. ಬರೆಯುವ ಕೆಲಸವನ್ನು ಶಾಲೆಗೆ ಹೋಗುವ ಮಗ ಅಥವಾ ಮಗಳಿಗೆ ಕೊಡಿ. ಲೆಕ್ಕಕ್ಕೆ ಹೆದರದ ಒಂದು ತಲೆಮಾರು ಹೀಗೆಯೇ ತಯಾರಾಗುತ್ತದೆ.

4. ಮಕ್ಕಳಿಗೆ ಕೊಟ್ಟ ಮಾತು ಉಳಿಸಿ. ಮಾಡಲಾಗದ್ದನ್ನು ಹೇಳಬೇಡಿ. ಹೇಳಿದ್ದು ಸಣ್ಣದಾದರೂ ಮಾಡಿ. ಒಂದು ಕುರಿಮರಿಯನ್ನೋ ಎರಡು ಕೋಳಿಗಳನ್ನೋ ಮಗುವಿನ ಹೆಸರಿಗೆ ಬಿಟ್ಟು, ಮಾರಿದ ಹಣದಲ್ಲಿ ಮೇವಿನ ಖರ್ಚು ಕಳೆದು ಉಳಿದದ್ದನ್ನು ಅದರದೇ ಖಾತೆಗೆ ಹಾಕಿ. ಆ ಹಣವನ್ನು ಕೇಳದೆ ಮುಟ್ಟಬೇಡಿ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎನ್ನುತ್ತಾರೆ. ಬಗ್ಗಿಸುವುದಕ್ಕಿಂತ ಗಿಡಕ್ಕೆ ನೇರವಾದ ಕೋಲು ಕಟ್ಟುವುದು ಒಳ್ಳೆಯದು.

5. ಸಾಲವನ್ನು ಬಚ್ಚಿಡಬೇಡಿ. ಇದು ನನ್ನ ಮಾತಿನಲ್ಲಿ ಎಲ್ಲಕ್ಕಿಂತ ಮುಖ್ಯವಾದುದು. ಸಾಲ ಮಾಡಿದ್ದನ್ನು ಹೆಂಡತಿಗೆ ಹೇಳಿದರೆ ಗಂಡಸುತನಕ್ಕೆ ಕುಂದು, ಮಗನಿಗೆ ಹೇಳಿದರೆ ಓದು ಕೆಡುತ್ತದೆ, ಅಣ್ಣನಿಗೆ ಹೇಳಿದರೆ ಪಾಲಿನ ಮಾತು ಬರುತ್ತದೆ ಎಂದು ಒಳಗೇ ನುಂಗಿಕೊಳ್ಳುವವರಿದ್ದಾರೆ. ಇದೂ ಮನೆಯಲ್ಲಿ ಕಲಿತ ಪಾಠವೇ. ‘ಗಂಡಸು ಕಷ್ಟ ಹೇಳಿಕೊಳ್ಳಬಾರದು’ ಎಂದು ನಾವೇ ನಮ್ಮ ಹುಡುಗರಿಗೆ ಕಲಿಸಿದ್ದೇವೆ. ಆ ಪಾಠ ಹಲವು ಮನೆಗಳಲ್ಲಿ ಜೀವವನ್ನೇ ತೆಗೆದುಕೊಂಡಿದೆ. ಎಷ್ಟು ಸಾಲ ಎಂಬುದು ಮನೆಯವರಿಗೆ ತಿಳಿದದ್ದು ಅವನು ಹೋದ ಮೇಲೆ. ಆ ಮೊತ್ತವನ್ನು ಕೇಳಿ ಹೆಂಡತಿ, ‘ಇಷ್ಟಕ್ಕೇ? ಹೇಳಿದ್ದರೆ ಸರವನ್ನು ಮಾರುತ್ತಿರಲಿಲ್ಲವೆ?’ ಎಂದು ಅಳುವುದನ್ನು ನಮ್ಮ ಹಳ್ಳಿಗಳು ಕೇಳಿವೆ. ಸಾಲ ಎಷ್ಟೇ ಇರಲಿ, ಅದನ್ನು ತೀರಿಸಲು ಕಾಲವಿದೆ, ಕಂತು ಬದಲಿಸಿಕೊಳ್ಳಲು ಬ್ಯಾಂಕಿನೊಡನೆ ಮಾತನಾಡಲು ದಾರಿಯಿದೆ. ಮನಸ್ಸು ತಡೆಯಲಾರದಷ್ಟು ಭಾರವಾದರೆ 14416 ಎಂಬ ಟೆಲಿ ಮಾನಸ್ ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ನಿಮ್ಮ ಪಕ್ಕದ ಮನೆಯವರು ಕಾಗದ ಒಡೆಯದೆ ಇಡುತ್ತಿದ್ದಾರೆಂದು ಕಂಡರೆ, ಹೋಗಿ ಜೊತೆಯಲ್ಲಿ ಕುಳಿತು ಒಡೆಸಿ.

ವಿಸ್ತರಣಾ ಕಾರ್ಯಕರ್ತರಿಗೆ ಎರಡು ಮಾತು

ನೀವು ಶಿಫಾರಸು ಮಾಡಿದ ತಂತ್ರವನ್ನು ರೈತ ಅನುಸರಿಸದಿದ್ದಾಗ ‘ಅಜ್ಞಾನ’ ಎಂದು ಬರೆದುಕೊಳ್ಳುವುದಕ್ಕೆ ಮುಂಚೆ, ಅವನು ಮೇಲಿನ ನಾಲ್ಕರಲ್ಲಿ ಯಾವ ಬಗೆಯವನು ಎಂದು ನೋಡಿ. ಬಿಗಿಗೈಯವನಿಗೆ ಒಂದು ಗುಂಟೆಯಲ್ಲಿ ಮಾಡಿ ತೋರಿಸಿ, ಅವನು ಕಂಡದ್ದನ್ನು ನಂಬುತ್ತಾನೆ. ಧಾರಾಳಿಯೊಡನೆ ಕಟಾವಿಗೆ ಮುಂಚೆಯೇ ಮಾತನಾಡಿ. ಮರ್ಯಾದೆಗೆ ಅಂಜುವವನ ಜೊತೆ ನಾಲ್ಕು ಜನರ ಎದುರು ಸಾಲದ ಮಾತು ಎತ್ತಬೇಡಿ. ಲೆಕ್ಕಕ್ಕೆ ಹೆದರುವವನಿಗೆ ಭಾಷಣ ಬೇಡ, ಪಕ್ಕದಲ್ಲಿ ಕುಳಿತು ಮೊದಲ ಪುಟವನ್ನು ನೀವೇ ಬರೆದುಕೊಡಿ. ಮತ್ತು ಯಾವ ಮಾತನ್ನೂ ಗಂಡನಿಗೆ ಮಾತ್ರ ಹೇಳಿ ಬರಬೇಡಿ. ಹಣದ ಸಭೆಗೆ ಹೆಣ್ಣುಮಕ್ಕಳು ಬರದಿದ್ದರೆ ಆ ಸಭೆ ಅರ್ಧದಷ್ಟೇ ನಡೆದಂತೆ.

ಬಂಧುಗಳೆ, ಮಣ್ಣಿನ ಗುಣ ಹುಟ್ಟಿನಿಂದ ಬಂದದ್ದಾದರೂ ಕೊಟ್ಟಿಗೆ ಗೊಬ್ಬರ ಹಾಕುತ್ತಾ ಹೋದರೆ ಅದು ವರ್ಷದಿಂದ ವರ್ಷಕ್ಕೆ ಸುಧಾರಿಸುತ್ತದೆ ಎಂದು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೈಗುಣವೂ ಹಾಗೆಯೇ. ಇಂದು ಊರಿಗೆ ಹೋದ ಮೇಲೆ ರಾತ್ರಿ ಊಟವಾದ ನಂತರ ಗಂಡ ಹೆಂಡತಿ ಇಬ್ಬರೂ ಒಂದು ಪ್ರಶ್ನೆಯನ್ನು ಒಬ್ಬರಿಗೊಬ್ಬರು ಕೇಳಿಕೊಳ್ಳಿ: ‘ನಿಮ್ಮ ಮನೆಯಲ್ಲಿ ಚಿಕ್ಕಂದಿನಲ್ಲಿ ದುಡ್ಡು ಎಲ್ಲಿ ಇಡುತ್ತಿದ್ದರು, ಯಾರ ಕೈಯಲ್ಲಿರುತ್ತಿತ್ತು, ಇಲ್ಲದಾಗ ಏನು ಮಾಡುತ್ತಿದ್ದರು?’ ಉತ್ತರವನ್ನು ಮಕ್ಕಳೂ ಕೇಳಲಿ. ನಾಳೆ ಬೆಳಿಗ್ಗೆ ಪುಸ್ತಕದ ಮೊದಲ ಪುಟ ಬರೆಯಲು ತೊಡಗಿ.